ದಂಗೆ ಏಳದ ಊರು

ಆ ಶನಿವಾರ ಸೊಸೆಗೆ ಬೇಕಾಗಿದ್ದುದು ಒಂದೇ. ಅವಳ ಊರು ದಂಗೆ ಏಳಬೇಕಿತ್ತು.

ಗಾಬರಿಯಾಗಬೇಡಿ, ಊರು ಇದ್ದದ್ದು ಕಂಪ್ಯೂಟರಿನೊಳಗೆ. ಆಟಗಳು ಅಂಗಡಿಗೆ ಬರುವ ಮುಂಚೆ ಆಡಿ ನೋಡಿ ತಪ್ಪು ಹುಡುಕುವುದು ಅವಳ ಕೆಲಸ. ಆಟವಾಡಿದರೆ ಸಂಬಳವೇ ಎಂದು ನೆಂಟರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಒಂದು ದಿನ ಬಂದು ಕೂರಲಿ, ಸೊಂಟದ ಪಾಡು ಏನೆಂದು ಗೊತ್ತಾಗುತ್ತದೆ! ಈ ಆಟದಲ್ಲಿ ಗುಂಡಿ ಒತ್ತಿದಂತೆಲ್ಲ ಒಂದು ಸರದಿ ಮುಗಿದು ಊರಿನ ಜನ ಹೆಚ್ಚುತ್ತಾರೆ. ಅವರಿಗೆ ಪಾರ್ಕು, ಕಾರಂಜಿ, ನಾಟಕಶಾಲೆ ಕಟ್ಟಿಕೊಟ್ಟರೆ ನಗುಮುಖ, ಇಲ್ಲದಿದ್ದರೆ ಕೆಂಪು ಮುಖ. ಕೆಂಪು ಮುಖ ಮಿತಿ ಮೀರಿದರೆ ದಂಗೆ. ಏನೂ ಕಟ್ಟದೆ ಬರೀ ಜನರನ್ನು ತುಂಬಿಸಿ, ದಂಗೆ ಸರಿಯಾಗಿ ಆಗುತ್ತದೋ ಇಲ್ಲವೋ ನೋಡಿ, ಸಂಜೆಯೊಳಗೆ ವರದಿ ಕಳಿಸಬೇಕು. ಕಳಿಸಿದರೆ ನಾಳೆ ರಜೆ. ಎಷ್ಟೋ ವಾರಗಳಿಂದ ರಜೆಯ ಮುಖ ಕಂಡಿರಲಿಲ್ಲ ಆ ಜೀವ. ಎಲ್ಲಿಗೂ ಹೋಗುವ ಆಸೆಯಿರಲಿಲ್ಲ, ಕಾಲು ಚಾಚಿ ಮಲಗಿದರೆ ಸಾಕಿತ್ತು.

ಬೆಳಗಿನಿಂದ ಒತ್ತಿ ಒತ್ತಿ ಬೆರಳು ಜೋಮು ಹಿಡಿದರೂ ಊರು ಮಾತ್ರ ಹಲ್ಲು ಕಿರಿಯುತ್ತಲೇ ಇತ್ತು. ಮೇಲಧಿಕಾರಿಗೆ ಫೋನ್ ಮಾಡಿ, ಆಟದಲ್ಲೇ ದೋಷವಿದೆ ಎಂದಳು.

"ನೀನೇ ಏನೋ ಕಟ್ಟಿರ್ತೀಯ, ಸರಿಯಾಗಿ ನೋಡು," ಎಂದು ಆಕೆ ಫೋನ್ ಇಟ್ಟಳು.

ನೋಡಿದರೆ ಊರಿನ ನಡುಮಧ್ಯೆ ಎರಡು ಪಾರ್ಕು, ಒಂದು ಕಾರಂಜಿ! ಅವಳು ಅಡುಗೆಮನೆಗೆ ಹೋದಾಗಲೆಲ್ಲ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದವರು ಮಾವ ಒಬ್ಬರೇ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು.

"ಮಾವ, ಇದನ್ನ ಮುಟ್ಟಿದ್ರಾ?"

"ಸ್ವಲ್ಪ," ಎಂದರು ಮಾವ, ಪೇಪರಿನ ಮರೆಯಿಂದ. "ಪಾಪ, ಮುಖ ಕೆಂಪಗೆ ಮಾಡ್ಕೊಂಡು ಕೂತಿದ್ರು ಕಣಮ್ಮ. ನೀನು ನೋಡಿದ್ರೆ ತುಂಬಿಸ್ತಾನೇ ಇದೀಯ. ನಮ್ ಬಸ್ಸಲ್ಲೂ ಇಷ್ಟು ತುಂಬ್ತಿರ್ಲಿಲ್ಲ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಅಂದು ಅಳುವೇ ಬಂತು. "ಅವರು ದಂಗೆ ಎದ್ರೇನೇ ನಂಗೆ ನಾಳೆ ರಜೆ, ಮಾವ. ಈಗ ಮತ್ತೆ ಮೊದಲಿಂದ ಶುರು ಮಾಡ್ಬೇಕು. ನನ್ ಕೈಲಿ ಆಗಲ್ಲ," ಎಂದು ಮೇಜಿಗೆ ತಲೆಯಿಟ್ಟು ಬಿಕ್ಕಿದಳು.

ಮಾವನ ಮುಖ ಸಣ್ಣದಾಯಿತು. ಕೈಕೈ ಹಿಸುಕಿಕೊಂಡು, "ಏಳು, ಹೋಗಿ ಮಲ್ಕೋ. ನಾನು ಒತ್ತೀನಿ," ಎಂದರು.

"ಏನೂ ಕಟ್ಬಾರ್ದು."

"ಕಟ್ಟಲ್ಲ."

"ಅವರು ಎಷ್ಟೇ ಗೋಳಾಡಿದ್ರೂ."

"ಆಯ್ತು ಹೋಗಮ್ಮ."

ಹೊಸ ಊರು ಶುರು ಮಾಡಿಕೊಟ್ಟು ಹಾಸಿಗೆಗೆ ಬಿದ್ದವಳಿಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಎಚ್ಚರವಾದಾಗ ಪಕ್ಕದ ಕೋಣೆಯಿಂದ ಮಾವನ ಮಾತು ಕೇಳಿಸಿತು. ಯಾರು ಬಂದರಪ್ಪ ಎಂದು ಬಾಗಿಲಿಗೆ ಬಂದಳು. ಯಾರೂ ಇರಲಿಲ್ಲ. ಪರದೆಯ ತುಂಬ ಕೆಂಪು ಮುಖಗಳು, ಮನೆಗಳ ಮೇಲೆ ಹೊಗೆ.

"ಇನ್ನೊಂಚೂರು ತಡ್ಕೊಳ್ರಪ್ಪ," ಎನ್ನುತ್ತಿದ್ದರು ಮಾವ. "ನಿಮ್ ತಪ್ಪೇನೂ ಇಲ್ಲ. ನಮ್ ಹುಡುಗಿ ಮಲಗಿದಾಳೆ, ಅವಳೂ ಸಾಕಾಗಿದಾಳೆ." ಇನ್ನೊಮ್ಮೆ ಒತ್ತಿದರು. ಊರಿಗೆ ಊರೇ ಹೊತ್ತಿಕೊಂಡಿತು. ಅವರು ಮುಖ ತಿರುಗಿಸಿಕೊಂಡರು, ಆಗ ಸೊಸೆ ಕಂಡಳು.

"ಎದ್ಬಿಟ್ರು ಕಣಮ್ಮ. ಬರ್ಕೋ."

ಅವಳು ಕೂತು ವರದಿ ಬರೆದು ಕಳಿಸಿದಳು. ಆಟ ಮುಚ್ಚಲು ಹೋದಾಗ ಮಾವ ಕೈ ಅಡ್ಡ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ತಡಿ. ನಿನ್ ಕೆಲಸ ಆಯ್ತಲ್ಲ? ಈಗಾದ್ರೂ ಅವರಿಗೆ ಏನಾದ್ರೂ ಕಟ್ಕೊಡ್ಲಾ?"

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು.