ಕ್ಯಾಬಿನೆಟ್ ದರ್ಜೆಯ ಬಾಟಲಿ

೧
ಈ ಕಥೆಯನ್ನು ಬಾಟಲಿಯಿಂದ ಶುರುಮಾಡಬೇಕೋ, ಹೆಣ್ಣಿನ ವಯಸ್ಸಿನಿಂದಲೋ? ವಯಸ್ಸಿನಿಂದ ಶುರುಮಾಡಿದರೆ ನಾನೂ ಜಯಮಾಲಾ ಆಂಟಿಯ ಸಾಲಿಗೆ ಸೇರುತ್ತೇನೆ. ಬ್ರಿಸ್ಬೇನಿನ ಈ ಆಂಟಿ ಆಸ್ಟ್ರೇಲಿಯಾದ ಕನ್ನಡಿಗರಿಗೆ ಸಂಬಂಧ ಕುದುರಿಸುವವರು. ಅವರ ವಾಟ್ಸ್ಆ್ಯಪ್ ಪಟ್ಟಿಯಲ್ಲಿ ಪಾರ್ವತಿಯ ಹೆಸರಿನ ಮುಂದೆ ‘೪೧, ಸ್ವಲ್ಪ ಲೇಟ್’ ಎಂದಿದೆ. ಹಾಗಾಗಿ ಬಾಟಲಿಯೇ ಇರಲಿ.

೨
ಅಡಿಲೇಡಿನಲ್ಲಿ, ಪಾರ್ವತಿಯ ಅಡುಗೆಮನೆಯ ಮೇಜಿನ ಮೇಲೆ, ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿಯ ವೈನ್ ನಿಂತಿದೆ. ತಂದವನು ಗುರುದತ್. ಪರ್ತಿನ ಕ್ಯಾನಿಂಗ್ಟನ್‌ನಲ್ಲಿ ಶುಗರ್ ಡಾಕ್ಟರು. ಹೆಣ್ಣು ನೋಡಲು ವಿಮಾನ ಹತ್ತಿ ಬಂದಿದ್ದಾನೆ. ಪಾರ್ವತಿ ಲ್ಯಾಬೊಂದರಲ್ಲಿ ದ್ರಾಕ್ಷಿರಸದ ಸಕ್ಕರೆ ಅಳೆಯುವ ಕೆಮಿಸ್ಟ್. (ಇಬ್ಬರೂ ದಿನವಿಡೀ ಅಳೆಯುವುದು ಸಕ್ಕರೆಯನ್ನೇ. ಅವನಲ್ಲಿ ಹೆಚ್ಚು ಬಂದರೆ ರೋಗಿಗೆ ಬೈಗುಳ, ಇವಳಲ್ಲಿ ಹೆಚ್ಚು ಬಂದರೆ ದ್ರಾಕ್ಷಿಗೆ ಬಡ್ತಿ. ಹೋಲಿಕೆ ಅಗ್ಗದ್ದು, ಆದರೂ ಬಿಡಲಾರೆ.)

“ಡ್ಯೂಟಿ ಫ್ರೀಲಿ ಕೈಗೆ ಸಿಕ್ಕಿದ್ದಲ್ಲ ಇದು. ಹುಡುಕಿ ತಂದೆ,” ಎಂದ ಗುರುದತ್, ಲೇಬಲ್ಲಿನ ಒಂದು ಪದದ ಮೇಲೆ ಬೆರಳಿಟ್ಟು. “ನೋಡಿ, ಕ್ಯಾಬಿನೆಟ್ ದರ್ಜೆ. ಇದರ ಮೇಲೆ ಇನ್ನು ಸಿಎಂ ಒಬ್ರೇ.”

ನಮ್ಮಲ್ಲಿ ನಿಗಮ ಮಂಡಳಿಯವರೂ ಕ್ಯಾಬಿನೆಟ್ ದರ್ಜೆಗಾಗಿ ಮುನಿಸಿಕೊಳ್ಳುತ್ತಾರೆ, ನಿಜ. ಜರ್ಮನಿಯ ಚಳಿಯಲ್ಲಿ ಮಾತ್ರ ದ್ರಾಕ್ಷಿ ಮಾಗುವುದೇ ದೊಡ್ಡ ಸಾಧನೆ. ಕಾದು ಕೊಯ್ದಷ್ಟೂ ಸಕ್ಕರೆ, ಸಕ್ಕರೆ ಏರಿದಷ್ಟೂ ದರ್ಜೆ. ಆ ಏಣಿಯಲ್ಲಿ ಕ್ಯಾಬಿನೆಟ್ ಎಂಬುದು ತೀರ ಕೆಳಗಿನ ಮೆಟ್ಟಿಲು. ಅದರ ಮೇಲಿನದರ ಹೆಸರಿಗೆ ಅರ್ಥವೇ ‘ಲೇಟಾಗಿ ಕೊಯ್ದದ್ದು’. (ಜಯಮಾಲಾ ಆಂಟಿ ಜರ್ಮನ್ ಕಲಿಯಬೇಕು.)

ಪಾರ್ವತಿಗೆ ಇದೆಲ್ಲ ಬಾಯಿಪಾಠ. ಹೇಳಿಬಿಡಲೇ?

೩
ಹಿಂದೊಮ್ಮೆ ಹೇಳಿದ್ದಳು. ಆಂಟಿ ಮೊದಲು ತೋರಿಸಿದ್ದ ಗಂಡು, ಬ್ರಿಸ್ಬೇನಿನ ಟೂವಾಂಗಿನ ದಿನೇಶ, ಎಂಟು ಜನರ ಊಟದಲ್ಲಿ, “ಶಿರಾಜ್ ಬೇರೆ, ಸಿರಾ ಬೇರೆ,” ಎಂದು ವೈನಿನ ಪಾಠ ಮಾಡುತ್ತಿದ್ದ. “ಎರಡೂ ಒಂದೇ ದ್ರಾಕ್ಷಿ,” ಎಂದಳು. “ಸರಿ ಮೇಡಂ,” ಎಂದ. ಮರುದಿನ ಆಂಟಿಯ ಫೋನು: “ಹುಡುಗಿ ತುಂಬಾ ಕರೆಕ್ಟ್ ಮಾಡ್ತಾಳೆ ಅಂದ್ರಂತಮ್ಮ.”

ಗುರುದತ್ ಅವಳ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಕೇಳಿದ್ದ, ವಯಸ್ಸು ಕೇಳಿರಲಿಲ್ಲ. ಅವನು ಅವಳಿಗೆ ಹಿಡಿಸಿದ್ದ. ತೊಡಕು ಅದೇ.

೩ (ಮತ್ತೆ)
ಮುಕ್ತಾಯ ಅ: ಪಾರ್ವತಿ ಮುಗುಳ್ನಕ್ಕು ಗ್ಲಾಸು ತರುತ್ತಾಳೆ. ಮದುವೆ. ಪ್ರತಿ ವಾರ್ಷಿಕೋತ್ಸವಕ್ಕೂ ಅದೇ ಕ್ಯಾಬಿನೆಟ್ ಬರುತ್ತದೆ, ಅವಳು ಅದೇ ನಗು ನಗುತ್ತಾಳೆ, ಇಪ್ಪತ್ತೈದು ವರ್ಷ.

“ಹೊಡ್ದಾಕಿ ಇದನ್ನ,” ಎಂದಳು ಪಾರ್ವತಿ, ಕಥೆ ಬರೆಯುತ್ತಿದ್ದ ನನಗೆ.

ಮುಕ್ತಾಯ ಆ: ಹೇಳುತ್ತಾಳೆ. ಅವನು ಮಧ್ಯಾಹ್ನದ ಫ್ಲೈಟಿಗೇ ವಾಪಸ್. ಕೆಳದರ್ಜೆಯದಾದ್ದರಿಂದ ಸಿಹಿಯೂ ಇಲ್ಲದ ವೈನನ್ನು ಅವಳು ಒಬ್ಬಳೇ…

“ತಪ್ಪು. ದರ್ಜೆ ಬಾಟ್ಲಿಯ ಸಿಹಿಗಲ್ಲ, ಕೊಯ್ದಾಗ ರಸದಲ್ಲಿದ್ದ ಸಕ್ಕರೆಗೆ. ಮೇಲಿನ ದರ್ಜೆನೂ ಒಂಚೂರೂ ಸಿಹಿ ಇಲ್ದೆ ಪೂರ್ತಿ ಡ್ರೈ ಇರ್ಬಹುದು, ಇದು ಸಿಹಿ ಇರ್ಬಹುದು. ಬಿಎಸ್ಸಿ ಓದಿದೀರಲ್ವಾ?”

ಸರಿ ಮೇಡಂ, ಎಂದೆ.

(ಬರೆದ ಮೇಲೆ ಹೊಳೆಯಿತು, ಇದು ದಿನೇಶನ ಮಾತು. ಹೊಡೆದುಹಾಕಲು ನೋಡಿದೆ. ಪಾರ್ವತಿ ಬಿಡಲಿಲ್ಲ.)

೪
“ಗುರುದತ್, ಒಂದು ವಿಷ್ಯ,” ಎಂದಳು. ಅವಳ ಬೆರಳುಗಳು ಮೇಜಿನ ಅಂಚು ಹಿಡಿದಿದ್ದವು. “ಕ್ಯಾಬಿನೆಟ್ ಅನ್ನೋದು ಆ ಲಿಸ್ಟಲ್ಲಿ ಎಲ್ಲಕ್ಕಿಂತ ಕೆಳಗಿಂದು.”

ಅವನು ಲೇಬಲ್ ನೋಡಿದ. ಅವಳನ್ನು ನೋಡಿದ. ಬಾಯಿ ತೆರೆದ.

ಇಲ್ಲಿ ಅವನಿಗೆಂದು ನಾನೊಂದು ಮಾತು ಸಿದ್ಧಮಾಡಿಟ್ಟಿದ್ದೆ. ವಿನಯ, ಹಾಸ್ಯ ಎರಡೂ ಹದವಾಗಿ ಬೆರೆತದ್ದು. ನಾಲ್ಕು ಸಲ ತಿದ್ದಿದ್ದೆ.

“ನೀವು ಸುಮ್ನಿರಿ,” ಎಂದಳು ಪಾರ್ವತಿ, ನನ್ನ ಕಡೆ ತಿರುಗದೆ. “ಅವ್ರೇ ಹೇಳ್ಲಿ.”

ಸುಮ್ಮನಿದ್ದೇನೆ.