ಹೊಟ್ಟೆಮರಕ್ಕೆ ಹೋದ ಕಿತ್ತಳೆ ದಾರ

ಕಾಡಿನ ಹೊಟ್ಟೆಮರದೊಳಗೆ ಐದು ಮಕ್ಕಳು ಕೂರಬಹುದು ಎಂದು ಆ ಮನೆಯ ದೊಡ್ಡವರೆಲ್ಲ ಹೇಳುತ್ತಿದ್ದರು. ಅಮ್ಮ ಹೇಳಿದರೆ ಐದು, ಚಿಕ್ಕಮ್ಮ ಹೇಳಿದರೆ ಆರು, ಮಾವನಿಗೆ ಹುರುಪು ಬಂದರೆ ಎಂಟು ಮಕ್ಕಳು, ಜೊತೆಗೊಂದು ನಾಯಿ. ಆ ಟೊಳ್ಳು ಮರ ಕಾಡಿನಲ್ಲಿ ಬೆಳೆಯುತ್ತಿತ್ತೋ ಇಲ್ಲವೋ, ಇವರ ಬಾಯಲ್ಲಂತೂ ವರ್ಷವರ್ಷ ಬೆಳೆಯುತ್ತಲೇ ಇತ್ತು. ಕೇಳಿ ಕೇಳಿ ಕಿವಿ ತೂತಾಗಿದ್ದ ಸೂಜಿ, ಈ ರಜೆಯಲ್ಲಿ ಅದನ್ನು ಕಣ್ಣಾರೆ ನೋಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು.

ಸೂಜಿ ಎಂಬುದು ಅಜ್ಜಿ ಇಟ್ಟ ಹೆಸರು. ಆ ಮನೆಯ ಮುಂಭಾಗವೇ ಹೊಲಿಗೆ ಅಂಗಡಿ. ಬೀದಿಗೆ ತೆರೆದ ಗಾಜಿನ ಬಾಗಿಲು, ಒಳಗೆ ಮೂರು ಮೆಷಿನ್ನು, ಗೋಡೆಯುದ್ದಕ್ಕೂ ಹಲಗೆಯ ಮೇಲೆ ದಾರದ ಉಂಡೆಗಳು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜಿನ ಕೆಳಗೆ ಆಡಿ ಬೆಳೆದ ಮೊಮ್ಮಕ್ಕಳಿಗೆ ಅಜ್ಜಿ ಕಸುಬಿನ ಹೆಸರುಗಳನ್ನೇ ಅಂಟಿಸಿದ್ದಳು. ದೊಡ್ಡ ಮಗಳ ಮಗಳು ಸೂಜಿ. ಹನ್ನೆರಡು ತುಂಬಿದ್ದೇ ತಡ, ಎಲ್ಲದರಲ್ಲೂ ತಾನೇ ಮುಂದೆ ತೂರಬೇಕು ಅವಳಿಗೆ. ಮಗನ ಮಗ ಕತ್ತರಿ. ಅವನ ಬಾಯಿಗೆ ಬಿಡುವೆಂಬುದೇ ಇಲ್ಲ. ಚಿಕ್ಕ ಮಗಳ ಮಗಳು ಗುಂಡಿ. ಆರು ವರ್ಷದವಳು, ಅಂಗಿಯ ಗುಂಡಿಯಷ್ಟೇ ದುಂಡಗೆ, ಅಷ್ಟೇ ಸದ್ದಿಲ್ಲದೆ ತನ್ನ ಜಾಗದಲ್ಲಿ ಇರುವವಳು.

ಅಂಗಡಿಗೆ ಒಂದು ಕಟ್ಟಳೆಯಿತ್ತು. ನೆಲದ ಮೇಲೆ ದಾರ ಕಂಡರೆ ಕಂಡವರು ಎತ್ತಿ ಸುತ್ತಿಡಬೇಕು. ಬಿಟ್ಟರೆ ಅದು ಮೆಷಿನ್ನಿನ ಚಕ್ರಕ್ಕೆ ಸಿಗುತ್ತದೆ, ಇಲ್ಲವೇ ಗಿರಾಕಿಯ ಕಾಲಿಗೆ ತೊಡರುತ್ತದೆ. ದೊಡ್ಡವರೆಲ್ಲ ಆಚೆ ನೋಡಿಕೊಂಡು ದಾಟಿಹೋಗುತ್ತಿದ್ದರು. ಗುಂಡಿ ಮಾತ್ರ ಫ್ರಾಕಿನ ಜೇಬಿನಲ್ಲಿ ಒಂದು ಖಾಲಿ ಮರದ ರೀಲು ಇಟ್ಟುಕೊಂಡು, ಸಿಕ್ಕ ಎಳೆಯನ್ನೆಲ್ಲ ಭಕ್ತಿಯಿಂದ ಸುತ್ತುತ್ತಿದ್ದಳು.

ಸೂಜಿ ಅಪ್ಪಣೆ ಕೇಳಿದ ದಿನ ಅಂಗಡಿಯಲ್ಲಿ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಶಾಲೆ ತೆರೆಯುವ ಮೊದಲು ಯೂನಿಫಾರ್ಮುಗಳು ಮುಗಿಯಬೇಕಿತ್ತು. ಅಜ್ಜಿ ಕೊಡೆಯ ಹಾಗೆ ಅರಳುವ ಘೇರಿನ ಸ್ಕರ್ಟು ಕತ್ತರಿಸುತ್ತಿದ್ದಳು. ದಾರದ ಒಂದು ತುದಿಗೆ ಚಾಕ್ ಕಟ್ಟಿ, ಇನ್ನೊಂದು ತುದಿಯನ್ನು ಬಟ್ಟೆಯ ಮೂಲೆಯಲ್ಲಿ ಸೂಜಿಯ ಬೆರಳಿನಿಂದ ಒತ್ತಿಸಿ, ದಾರ ಬಿಗಿಮಾಡಿ ಚಾಕನ್ನು ಬಾಗಿಸಿ ಎಳೆದಳು. ಬಟ್ಟೆಯ ಮೇಲೆ ಚಂದ್ರನ ಅಂಚಿನ ಹಾಗೆ ಬಾಗಿದ ಒಂದು ಬಿಳಿ ಗೆರೆ ಮೂಡಿತು.

"ಕಾಡಿಗೆ ಹೋಗ್ತೀವಿ ಅಜ್ಜಿ. ಹೊಟ್ಟೆಮರ ನೋಡಿ ಬಂದ್ಬಿಡ್ತೀವಿ. ದಾರಿ ತಪ್ಪಲ್ಲ, ದಾರ ಬಿಟ್ಕೊಂಡು ಹೋಗ್ತೀನಿ. ಅದೇ ದಾರ ಹಿಡ್ಕೊಂಡು ವಾಪಸ್."

"ದೊಡ್ಡವರಿಬ್ಬರು ಬೇಕಾದ್ರೆ ಹೋಗ್ಲಿ. ಗುಂಡಿ ಬೇಡ," ಎಂದಳು ಚಿಕ್ಕಮ್ಮ, ಮೆಷಿನ್ನು ನಿಲ್ಲಿಸದೆ.

ಗುಂಡಿಯ ತುಟಿ ಇಳಿಯಿತು. ಅಜ್ಜಿ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, ಸೂಜಿಯನ್ನು ಮೇಲಿಂದ ಕೆಳಗೆ ಅಳೆದಳು. ಹಲಗೆಯ ಮೂಲೆಯಿಂದ ಯಾರಿಗೂ ಬೇಡವಾಗಿ ಧೂಳು ತಿನ್ನುತ್ತಿದ್ದ ಕಿತ್ತಳೆ ಬಣ್ಣದ ದೊಡ್ಡ ಉಂಡೆಯೊಂದನ್ನು ತೆಗೆದು ಕೈಗೆ ಕೊಟ್ಟಳು.

"ನಿನ್ನ ನಂಬಿ ಕಳಿಸ್ತಾ ಇದೀನಿ. ದೀಪ ಹಚ್ಚೋ ಹೊತ್ತಿಗೆ ಮೂವರೂ ಈ ಬಾಗಿಲಲ್ಲಿ ಇರ್ಬೇಕು. ದಾರಾನೂ ಬರ್ಬೇಕು. ಕಾಡಲ್ಲಿ ಬಿಟ್ರೆ ಪಾಪ ಹಕ್ಕಿ ಕಾಲಿಗೆ ಸುತ್ಕೊಳ್ಳುತ್ತೆ."

"ಆಯ್ತು ಅಜ್ಜಿ!" ಎನ್ನುವಷ್ಟರಲ್ಲಿ ಸೂಜಿಯ ಕಾಲು ಬೀದಿಯಲ್ಲಿತ್ತು. ಇದೇ ಮೊದಲ ಸಲ ಅವಳನ್ನು ನಂಬಿ ಏನನ್ನಾದರೂ ಕಳಿಸುತ್ತಿದ್ದರು. ಅದೂ ಇಬ್ಬರು ಮನುಷ್ಯರನ್ನು! ಅವಳಿಗೆ ನೆಲವೇ ಕಾಣಲಿಲ್ಲ. ಕೊನೆಯ ಮಾತಿಗೆ ಗುಂಡಿ ಗಂಭೀರವಾಗಿ ತಲೆಯಾಡಿಸಿದ್ದನ್ನು ಗಮನಿಸಲು ಅವಳಿಗೆಲ್ಲಿಯ ಬಿಡುವು?

ಬೀದಿ ಮುಗಿದ ಕಡೆ ಕಾಡು ಶುರು. ತೊರೆಯವರೆಗೆ ಸವೆದ ಕಾಲುದಾರಿ, ಮೂವರೂ ಓಡಿದರು. ಕತ್ತರಿ ಓಡುತ್ತಲೇ ಮಾತಾಡಿದ. ಕರಡಿ ಎದುರಾದರೆ ತಾನೇನು ಮಾಡುವೆ, ಕರಡಿ ಏನು ಮಾಡುತ್ತದೆ, ಆಮೇಲೆ ಊರಿನವರು ತನ್ನ ಬಗ್ಗೆ ಏನು ಹೇಳುತ್ತಾರೆ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ತೊರೆ ಬಂತು, ಕರಡಿ ಬರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದರು. ನೀರು ಎಷ್ಟು ತಣ್ಣಗಿತ್ತೆಂದರೆ ಗುಂಡಿ ಒಂದೊಂದು ಹೆಜ್ಜೆಗೂ "ಅಯ್ಯಯ್ಯೋ" ಎಂದು ಕೂಗಿ, ಆಚೆ ದಡ ಹತ್ತಿದ ಮೇಲೆ ಇನ್ನೊಂದು ಸಲ ದಾಟೋಣವೇ ಎಂದು ಕೇಳಿದಳು.

ಆಚೆ ದಡದಲ್ಲಿ ದಾರಿಯೇ ಇರಲಿಲ್ಲ. ಸೂಜಿ ಕೆಸರಿನಲ್ಲಿ ಚಾಚಿಕೊಂಡಿದ್ದ ಬೇರಿಗೆ ದಾರದ ತುದಿ ಕಟ್ಟಿದಳು. ಉಂಡೆ ಬಿಚ್ಚುತ್ತ, ಸಿಕ್ಕ ಮರಕ್ಕೋ ಪೊದೆಗೋ ಒಂದು ಸುತ್ತು ಹಾಕುತ್ತ, ಮಾವ ಹೇಳಿದ್ದ ಗುಡ್ಡದ ಕಡೆಗೆ ನುಗ್ಗಿದಳು. ಮರಕುಟಿಗದ ಕುಟುಕು, ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರುವ ಅಳಿಲು, ಕಾಲಡಿಯಲ್ಲಿ ಮೊಣಕಾಲುದ್ದ ತರಗೆಲೆ. ಎಲ್ಲವನ್ನೂ ತಾನೇ ಮೊದಲು ನೋಡಬೇಕು, ಎಲ್ಲಕ್ಕಿಂತ ಮೊದಲು ಆ ಮರವನ್ನು ನೋಡಬೇಕು!

"ಗುಂಡೀ, ಬೇಗ ಬಾರೇ!" ಎಂದು ಆಗಾಗ ಕೂಗುತ್ತಿದ್ದಳು. ಹಿಂದಿನಿಂದ "ಬಂದೆ ಅಕ್ಕಾ" ಎಂಬ ದನಿ ಕೇಳಿದರೆ ಅಷ್ಟು ಸಾಕಾಗುತ್ತಿತ್ತು.

ಮರ ಸಿಕ್ಕಿತು. ಮಾವ ಹೇಳಿದ್ದರಲ್ಲಿ ಅರ್ಧದಷ್ಟಾದರೂ ನಿಜವಿತ್ತು! ಬಾಗಿಲಿನಷ್ಟೆತ್ತರ ಸೀಳಿದ ಕಾಂಡ, ಒಳಗೆ ಕಪ್ಪು ಕೋಣೆ, ಮೇಲೆ ದೂರದಲ್ಲಿ ಬಿಲ್ಲೆಯಗಲದ ಆಕಾಶ. ಮೂವರೂ ಒಳಗೆ ತೂರಿ ಕಾಲು ಚಾಚಿ ಕುಳಿತರು, ಇನ್ನಿಬ್ಬರಿಗೆ ಜಾಗವಿತ್ತು. ಕತ್ತರಿ ತನ್ನ ಹೆಸರು ಕೂಗಿದ. ಮರ ಅದನ್ನು ಮೇಲಕ್ಕೆ ಎಳೆದುಕೊಂಡು ಗುಂಯ್ ಎಂದಿತು. ಆಮೇಲೆ ಮೂವರೂ ಒಟ್ಟಿಗೆ ಗಂಟಲು ಹರಿಯುವಂತೆ ಕೂಗಿದರು, ಹೊರಗೆ ಬಂದು ಮರ ಸುತ್ತಿದರು, ಅಳಿಲನ್ನು ಅಟ್ಟಿಸಿಕೊಂಡು ಹೋದರು, ಮತ್ತೆ ಒಳಗೆ ತೂರಿದರು. ಅಷ್ಟು ಸಂತೋಷ ಸೂಜಿಗೆ ಆ ರಜೆಯಲ್ಲಿ ಎಂದೂ ಆಗಿರಲಿಲ್ಲ.

ಬಿಸಿಲು ಹಳದಿಗೆ ತಿರುಗಿದಾಗ ಅವಳು ದಾರದ ಉಂಡೆ ಎತ್ತಿಕೊಂಡಳು. "ನಡೀರಿ. ಎಲ್ಲ ನನ್ನ ಹಿಂದೆ."

ಉಂಡೆಯಿಂದ ಹೊರಟ ಎಳೆಯನ್ನು ಹಿಡಿದು ನಡೆದಳು. ಅದು ಮರದ ಬಾಗಿಲು ದಾಟಿತು, ಒಂದು ಕಲ್ಲು ಬಳಸಿತು, ನೇರವಾಗಿ ಗುಂಡಿಯ ಜೇಬಿನೊಳಗೆ ಹೋಯಿತು.

"ಅಕ್ಕಾ, ಎಳೀಬೇಡ. ಗಂಟಾಗುತ್ತೆ," ಎಂದಳು ಗುಂಡಿ. ಜೇಬಿನಿಂದ ಕಿತ್ತಳೆ ಹಣ್ಣಿನಷ್ಟು ಊದಿಕೊಂಡಿದ್ದ ರೀಲನ್ನು ತೆಗೆದು ಎತ್ತಿ ತೋರಿಸಿದಳು. "ಪೂರ್ತಿ ಸುತ್ತಿದೀನಿ. ಒಂದೆಳೆಯೂ ಬಿಟ್ಟಿಲ್ಲ. ಹಕ್ಕಿ ಕಾಲಿಗೆ ಏನೂ ಆಗಲ್ಲ."

ಕತ್ತರಿ ಮರದ ಸುತ್ತ ಒಂದು ಓಟ ಓಡಿ ಬಂದ, ಎಲ್ಲೂ ಕಿತ್ತಳೆ ಎಳೆ ಕಾಣಲಿಲ್ಲ.

ಸೂಜಿ ಕೈಯಲ್ಲಿದ್ದ ಎಳೆಯನ್ನು ಬಿಟ್ಟಳು. ಸುತ್ತ ನೋಡಿದಳು. ಎಲ್ಲ ಕಡೆಯೂ ಮರ, ಎಲ್ಲ ಮರವೂ ಒಂದೇ. ಅಳಿಲಿನ ಹಿಂದೆ ಓಡಿ ಓಡಿ ದಿಕ್ಕು ಕಲಸಿಹೋಗಿತ್ತು. ಕತ್ತರಿ ಅತ್ತ ಕೈ ತೋರಿಸಿದ, ಅವಳಿಗೆ ಇತ್ತ ಅನಿಸಿತು. "ಏನೇ ಮಾಡಿದೆ ನೀನು!" ಎಂದು ಚೀರಿದಳು. ಗುಂಡಿಯ ಮುಖ ಸಣ್ಣದಾಯಿತು. "ಅಜ್ಜಿ ದಾರಾನೂ ಬರ್ಬೇಕು ಅಂದ್ರಲ್ಲ..." ಎನ್ನುವಾಗ ಕಣ್ಣಲ್ಲಿ ನೀರು ತುಂಬಿತ್ತು.

ನಿನ್ನ ನಂಬಿ ಕಳಿಸ್ತಾ ಇದೀನಿ. ಆ ಮಾತು ಈಗ ಮುಳ್ಳಿನಂತೆ ಚುಚ್ಚಿತು. ಕತ್ತಲಾದರೆ? ಈ ಪುಟ್ಟ ಜೀವಕ್ಕೆ ಏನಾದರೂ ಆದರೆ? ಸೂಜಿ ಮಂಡಿಯೂರಿ ಗುಂಡಿಯ ಕಣ್ಣೊರೆಸಿದಳು, ಜೊತೆಗೆ ತನ್ನ ಕಣ್ಣನ್ನೂ. ಗುಂಡಿಯ ಕೈ ಹಿಡಿದುಕೊಂಡಾಗ ಅವಳ ಅಂಗೈಗೆಲ್ಲ ಮಸಿ ಹತ್ತಿತು.

"ನಿನ್ನ ಕೈಗೆ ಏನೇ ಇದು?"

"ಸುಟ್ಟ ಮರದ್ದು. ಅದರಿಂದ ದಾರ ಬಿಡಿಸಿದೆನಲ್ಲ. ದಾರಾನೂ ಕಪ್ಪಾಯ್ತು." ಗುಂಡಿ ಮೂಗೆಳೆದುಕೊಂಡಳು. "ಅದಕ್ಕೆ ಮೊದಲು ಅಂಟು ಮರ. ಅದರ ದಾರ ಕೈಗೆ ಹತ್ಕೊಂಡು ಬಿಡ್ಲೇ ಇಲ್ಲ. ಅದಕ್ಕೂ ಮೊದಲು ಮುಳ್ಳಿನ ಪೊದೆ. ಮೊದಲನೇದು ಕೆಸರು."

"ಕಪ್ಪು ಆದ್ಮೇಲೆ?"

"ಬಿದ್ದಿರೋ ಮರ. ಹಸಿರು ಪಾಚಿ."

ಸೂಜಿ ರೀಲನ್ನು ಕೈಗೆ ತೆಗೆದುಕೊಂಡು ಮೆಲ್ಲನೆ ಎಳೆ ಬಿಡಿಸಿದಳು. ಶುಭ್ರ ಕಿತ್ತಳೆ, ಶುಭ್ರ ಕಿತ್ತಳೆ, ಇದ್ದಕ್ಕಿದ್ದಂತೆ ಒಂದು ಗೇಣು ಹಸಿರು! ಇನ್ನಷ್ಟು ಬಿಚ್ಚಿದರೆ ಕಪ್ಪು ಇಣುಕಿತು. ಬಂದ ದಾರಿ ಅಷ್ಟೂ ಆ ರೀಲಿನಲ್ಲಿ ಕುಳಿತಿತ್ತು, ಕೊನೆಯದು ಮೇಲೆ, ಮೊದಲಿನದು ಒಳಗೆ. ಒಂದು ಕಲೆಗೂ ಇನ್ನೊಂದಕ್ಕೂ ನಡುವೆ ಇದ್ದ ದಾರವೇ ಎರಡು ಮರಗಳ ನಡುವಿನ ದೂರ. ಎಷ್ಟು ದೂರ ಎಂದು ಗೊತ್ತು, ಯಾವ ಕಡೆ ಎಂದು ಮಾತ್ರ ಗೊತ್ತಿಲ್ಲ.

ದೂರ ಗೊತ್ತು, ದಿಕ್ಕು ಗೊತ್ತಿಲ್ಲ. ಸೂಜಿ ಜಿಗಿದೆದ್ದಳು.

"ಸ್ಕರ್ಟು!" ಎಂದು ಕೂಗಿದಳು. "ಕತ್ತರೀ, ಘೇರಿನ ಸ್ಕರ್ಟು ಕಣೋ! ನೀನು ಉಂಡೆ ಹಿಡ್ಕೊಂಡು ಇಲ್ಲೇ ಮರದ ಬಾಗಿಲಲ್ಲಿ ನಿಂತ್ಕೋ. ಕದಲ್ಬೇಡ. ಬಾಯಿ ಮಾತ್ರ ನಿಲ್ಲಿಸ್ಬೇಡ, ನೀನೆಲ್ಲಿದೀಯ ಅಂತ ನಂಗೆ ಕೇಳ್ತಾ ಇರ್ಬೇಕು."

ಕತ್ತರಿಯ ಜೀವನದಲ್ಲಿ ಅಂಥ ಅಪ್ಪಣೆ ಯಾರೂ ಕೊಟ್ಟಿರಲಿಲ್ಲ. ಅವನು ಕರಡಿಯ ಕತೆಯನ್ನು ಮೊದಲಿಂದ ಶುರುಮಾಡಿದ. ಸೂಜಿ ಒಂದು ಕೈಯಲ್ಲಿ ಗುಂಡಿಯ ಕೈ ಹಿಡಿದು, ಇನ್ನೊಂದರಲ್ಲಿ ರೀಲು ಬಿಚ್ಚುತ್ತ, ಹಸಿರು ಕಲೆ ಬೆರಳಿಗೆ ಬರುವವರೆಗೆ ನಡೆದಳು. ಅಲ್ಲಿ ದಾರ ಬಿಗಿಮಾಡಿ, ಅಜ್ಜಿಯ ಚಾಕಿನಂತೆ ಹೊಟ್ಟೆಮರವನ್ನು ನಡುವಿಟ್ಟು ದೂರದಿಂದಲೇ ಸುತ್ತತೊಡಗಿದಳು. ದಾರ ಕೊಂಬೆಗೆ ಸಿಕ್ಕಿತು, ಬಿಡಿಸಿದಳು. ಪೊದೆಗೆ ಸಿಕ್ಕಿತು, ಎತ್ತಿ ದಾಟಿಸಿದಳು. ಗುಂಡಿಯ ಕೈಯನ್ನು ಮಾತ್ರ ಬಿಡಲಿಲ್ಲ.

"ಅದೋ! ಪಾಚಿ ಮರ!" ಗುಂಡಿ ಕುಣಿದಳು.

ಮೂವರೂ ಕೂಗಿದ ಕೂಗಿಗೆ ಹಕ್ಕಿಗಳೆಲ್ಲ ಎದ್ದು ಹಾರಿದವು. ಕತ್ತರಿ ದಾರವನ್ನು ದೊಡ್ಡ ಉಂಡೆಗೆ ಸುತ್ತಿಕೊಳ್ಳುತ್ತ ಓಡಿಬಂದು ಪಾಚಿ ಮರದ ಬಳಿ ನಿಂತ. ಅಕ್ಕತಂಗಿಯರು ಮತ್ತೆ ಬಿಚ್ಚುತ್ತ ಹೊರಟರು. ಕಪ್ಪು ಕಲೆ ಬಂತು, ಸುಟ್ಟ ಮರ ಸಿಕ್ಕಿತು. ಅಂಟು ಮರ ಬಹಳ ಕಾಡಿಸಿತು. ಒಂದು ಸುತ್ತು ಪೂರ್ತಿ ಮುಗಿಯುತ್ತ ಬಂದರೂ ಕಾಣಲಿಲ್ಲ, ಬೆಳಕು ಬೇರೆ ಮಂಕಾಗುತ್ತಿತ್ತು. ಕೊನೆಗೆ ಗುಂಡಿ ಒಂದು ಕಾಂಡಕ್ಕೆ ಕೆನ್ನೆಯಿಟ್ಟು ನೋಡಿ, ಕೆನ್ನೆ ಕೀಳಲಾರದೆ "ಇದೇ ಅಕ್ಕಾ!" ಎಂದಳು. ಮುಳ್ಳಿನ ಪೊದೆಯನ್ನು ಹುಡುಕಬೇಕಾಗಲಿಲ್ಲ, ಕತ್ತರಿಯ ಚಡ್ಡಿಯೇ ಅದನ್ನು ಹುಡುಕಿಕೊಂಡಿತು. ರೀಲಿನ ಕೊನೆಯ ಸುತ್ತಿನಲ್ಲಿ ಒಣಗಿದ ಕೆಸರು ಉದುರುವ ಹೊತ್ತಿಗೆ ನೀರಿನ ಸದ್ದು ಕೇಳಿಸಿತು. ಖಾಲಿಯಾದ ರೀಲು ಗುಂಡಿಯ ಜೇಬಿಗೆ ಮರಳಿತು.

ತೊರೆ ದಾಟಿ, ಕಾಲುದಾರಿಯಲ್ಲಿ ಓಡಿ ಓಡಿ ಬೀದಿಗೆ ಬಂದಾಗ ಅಂಗಡಿಯಲ್ಲಿ ಆಗಷ್ಟೇ ದೀಪ ಹತ್ತಿತು. ಅಜ್ಜಿ ಗಾಜಿನ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಚಿಕ್ಕಮ್ಮ.

"ಮೂವರೂ ಬಂದ್ರಾ? ದಾರ?"

ಸೂಜಿ ಉಂಡೆ ಕೊಟ್ಟಳು. "ಸಲೀಸಾಗಿ ಹೋಗ್ಬಂದ್ವಿ ಅಜ್ಜಿ, ಏನೂ ತೊಂದ್ರೇನೇ ಆಗ್ಲಿಲ್ಲ," ಎಂದು ಕತ್ತರಿ ಶುರುಮಾಡಿದ. ಸೂಜಿ ಸುಮ್ಮನಿದ್ದರೆ ಸಾಕಿತ್ತು. ನಂಬಿಕೆ ಉಳಿಯುತ್ತಿತ್ತು, ಮುಂದಿನ ಸಲವೂ ಕಳಿಸುತ್ತಿದ್ದರು. ಆದರೆ ಪಕ್ಕದಲ್ಲಿ ಗುಂಡಿ ಇನ್ನೂ ಅವಳ ಕೈ ಹಿಡಿದೇ ನಿಂತಿದ್ದಳು.

"ದಾರಿ ತಪ್ಪಿತ್ತು ಅಜ್ಜಿ," ಎಂದಳು ಸೂಜಿ. "ಗುಂಡಿ ದಾರ ಸುತ್ಕೊಂಡೇ ಬರ್ತಿದ್ಲು. ನಾನು ನೋಡ್ಲೇ ಇಲ್ಲ. ಹೋಗೋವಾಗ ಒಂದೇ ಒಂದು ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ. ವಾಪಸ್ ಬಂದಿದ್ದು ಅವಳ ರೀಲಿಂದ."

"ನಾನು ಬೇಡ ಅಂದಿರ್ಲಿಲ್ವಾ?" ಚಿಕ್ಕಮ್ಮ ಗುಂಡಿಯನ್ನು ಬಾಚಿ ಎತ್ತಿಕೊಂಡಳು. ಆದರೆ ಮುಂದೆ ಬೈಯಲಿಲ್ಲ. ಮಗಳ ಕೆನ್ನೆಯ ಅಂಟಿಗೆ ಅವಳ ತುಟಿ ಅಂಟಿಕೊಂಡಿತ್ತು.

ಅಜ್ಜಿ ದಾರದ ಉಂಡೆಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಕೆಸರು ಮುಟ್ಟಿದಳು, ಬೆರಳು ಮೂಸಿದಳು.

"ಭಾನುವಾರಕ್ಕೆ ಯೂನಿಫಾರ್ಮ್ ಎಲ್ಲಾ ಮುಗಿಯುತ್ತೆ," ಎಂದಳು ಕೊನೆಗೆ. "ನಾನೂ ಆ ಮರ ನೋಡಿ ಎಷ್ಟೋ ಕಾಲ ಆಯ್ತು. ನನ್ನ ಕರ್ಕೊಂಡು ಹೋಗೋರು ಯಾರು?"

ಅಜ್ಜಿ ನೋಡುತ್ತಿದ್ದುದು ಸೂಜಿಯನ್ನೇ. ಅವಳು ಹಿಂಗೈಯಿಂದ ಮುಖ ಒರೆಸಿಕೊಂಡಳು. ಮಸಿ ಕಿವಿಯವರೆಗೂ ಹರಡಿತು.

"ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ನಾನು ಎಲ್ಲರ ಹಿಂದೆ ನಡೀತೀನಿ. ಗುಂಡಿ ಮುಂದೆ ಇರ್ಲಿ."

ಗುಂಡಿ ಅಮ್ಮನ ಹೆಗಲ ಮೇಲಿಂದ ಗಾಬರಿಯಾಗಿ ತಲೆಯೆತ್ತಿದಳು. "ಮತ್ತೆ ದಾರ ಯಾರು ಸುತ್ತೋದು?"

ಸೂಜಿ ಕೈ ಚಾಚಿದಳು. ಗುಂಡಿ ಜೇಬಿನಿಂದ ಖಾಲಿ ರೀಲು ತೆಗೆದು ಅಕ್ಕನ ಅಂಗೈ ಮೇಲಿಟ್ಟು, "ಕಳೀಬೇಡ," ಎಂದಳು.