ಬುಜ್ಜಿ ಕೇಳಿದ ಆವು

ಸಣ್ಣ ಕೂಸಿನ ಜೊತೆ ಮಾತಾಡಲು ಭಾಷೆ ಬೇಕಿಲ್ಲ ಅಂತ ಯಾರೋ ಸುಖವಾಗಿರುವವರು ಹೇಳಿರಬೇಕು. ನನಗಂತೂ ಬೇಕಾಗಿತ್ತು.

ಎಪ್ಪತ್ತೆಂಟನೇ ಇಸವಿ. ಮದುವೆಯಾಗಿ ಬಾಗಲಕೋಟೆಯಿಂದ ಕಾಚಿಗೂಡಕ್ಕೆ ಬಂದು ಐದು ತಿಂಗಳಾಗಿತ್ತು. ನನ್ನ ಗಂಡ ಪ್ರಹ್ಲಾದರಾಯರು ದಿನವಿಡೀ ಆಫೀಸಿನಲ್ಲಿ ತೆಲುಗು, ಉರ್ದು ಮಾತಾಡಿ, ಮನೆಗೆ ಬರುವ ಹೊತ್ತಿಗೆ ಮಾತೆಲ್ಲ ಖಾಲಿ ಮಾಡಿಕೊಂಡಿರುತ್ತಿದ್ದರು. ಕನ್ನಡಕ್ಕೆ ಉಳಿಯುತ್ತಿದ್ದದ್ದು ‘ಹೂಂ’ ಒಂದೇ. ಹಗಲಿಡೀ ನನ್ನ ಹತ್ತಿರ ಬರುತ್ತಿದ್ದವಳೆಂದರೆ ಎದುರು ಮನೆಯ ಮೂರು ವರ್ಷದ ಬುಜ್ಜಿ. ಹೊಸ್ತಿಲ ಮೇಲೆ ಕೂತು ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಅವಳು ಬಾರದ ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಒಂದು ದಿನ ನನ್ನ ಹೆಣಿಗೆ ಕಡ್ಡಿ ಮುಟ್ಟಿ, “ನಾಕು ಆವು ಕಾವಾಲಿ” ಅಂದಳು. ನಾಕು ಅಂದರೆ ನನಗೆ, ಕಾವಾಲಿ ಅಂದರೆ ಬೇಕು. ಅಷ್ಟನ್ನು ತರಕಾರಿಯವಳಿಂದ ಕಲಿತಿದ್ದೆ. ಇನ್ನು ಆವು? ಸಣ್ಣ ಮಕ್ಕಳು ಹಕಾರ ನುಂಗುವುದು ಯಾವ ಊರಿನಲ್ಲಿಲ್ಲ? “ಆವು ಅಲ್ಲ, ಹಾವು ಅನ್ನು” ಅಂತ ತಿದ್ದಿದೆ. ಹತ್ತು ಸಲ ಹೇಳಿಸಿದೆ. ಪಾಪ, ಹೇಳಿದಳು.

ನನ್ನ ಕೈ ಚುರುಕು. ಇವರ ಸ್ವೆಟರಿಗೆಂದು ತವರಿನಿಂದ ತಂದ ಕಂದು ಉಲ್ಲನ್, ಇವರು ಬೇಡ ಅಂದದ್ದಕ್ಕೆ ಹಾಗೇ ಬಿದ್ದಿತ್ತು. ಒಂದೇ ಮಧ್ಯಾಹ್ನದಲ್ಲಿ ಮೊಳದುದ್ದದ ಹಾವು ಹೆಣೆದು, ಅರಳೆ ತುಂಬಿ, ಅಂಗಿ ಗುಂಡಿಯ ಕಣ್ಣಿಟ್ಟು, ಕೆಂಪು ನಾಲಿಗೆಯನ್ನೂ ಹೊಲಿದೆ. ಬುಜ್ಜಿ ಅದನ್ನು ಕೊರಳಿಗೆ ಸುತ್ತಿಕೊಂಡು ಮನೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಅವಳ ತಾಯಿ ಬಂದಳು. ಹಾವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಒಳಗೆ ಕಾಲಿಡದೆ ಹೊಸ್ತಿಲ ಹೊರಗೇ ಇಟ್ಟು, ಗಡಗಡ ಮಾತಾಡಿದಳು. ‘ಪಾಮು’ ಎಂಬ ಮಾತು ನಾಲ್ಕು ಸಲ ಬಂತು ಎನ್ನುವುದಷ್ಟೇ ನನಗೆ ತಿಳಿದದ್ದು. ನಾನೂ ನನ್ನ ಗಂಡನ ಹಾಗೆ ‘ಹೂಂ’ ಅಂದೆ. ಎದುರು ಮನೆಯ ಚಿಲಕ ಬಿದ್ದ ಸದ್ದು ಕೇಳಿತು.

ಸಂಜೆ ಇವರಿಗೆ ಹೇಳಿದರೆ ನಕ್ಕರು. ಐದು ತಿಂಗಳಲ್ಲಿ ಮೊದಲ ಸಲ ನಕ್ಕದ್ದು, ಅದೂ ಇದಕ್ಕೆ.

“ಪಾಮು ಅಂದ್ರ ಹಾವು. ಆವು ಅಂದ್ರ ಆಕಳು. ಕೂಸು ಆಕಳ ಕೇಳಿದ್ರ ನೀ ಹಾವು ಕೊಟ್ಟೀಯಲ್ಲ, ಮಂದಾಕಿನಿ.”

“ನಂಗ ತಿಳೀಲಿಲ್ಲಂತ ನೀವರ ಹೋಗಿ ಹೇಳ್ರಿ ಆಕಿಗೆ.”

“ನಾಳೆ ನೋಡೂಣು.”

ನಾಳೆ ನೋಡಲಿಲ್ಲ. ಎರಡು ದಿನ ಬುಜ್ಜಿ ಬರಲಿಲ್ಲ. ತವರು ಬಿಡುವಾಗ ಅಳದವಳು ಆ ಕೂಸಿಗಾಗಿ ಅಕ್ಕಿ ಆರಿಸುವ ಮೊರದ ಮುಂದೆ ಕೂತು ಅತ್ತೆ. ಮೂರನೇ ದಿನ ಸಿಟ್ಟಿಗೆ ಹಾವನ್ನು ಬಿಚ್ಚಿ ಅದೇ ಉಲ್ಲನ್ನಿನಲ್ಲಿ ಆಕಳು ಹೆಣೆದೆ. ನಾಲ್ಕು ಕಾಲು, ಕೊಂಬು, ಕೆಚ್ಚಲು ಎಲ್ಲವನ್ನೂ ಇಟ್ಟೆ. ಒಯ್ದು ಕೊಡಲು ಮಾತ್ರ ಧೈರ್ಯವಾಗಲಿಲ್ಲ.

ಮಧ್ಯಾಹ್ನ ತಾಯಿಯ ಕಣ್ಣು ತಪ್ಪಿಸಿ ಬುಜ್ಜಿಯೇ ಬಂದಳು. ಆಕಳನ್ನು ಕೊಟ್ಟರೆ ಪಕ್ಕಕ್ಕೆ ತಳ್ಳಿ, ಖಾಲಿ ಕೈ ತಿರುಗಿಸಿ ಕೇಳಿದಳು: “ನಾ ಹಾವು ಏದಿ?”

ಹಕಾರ ಸ್ಪಷ್ಟವಾಗಿತ್ತು. ನನ್ನ ಹಾವು ಎಲ್ಲಿ ಅನ್ನುತ್ತಿದ್ದಾಳೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕಳ ಹೊಟ್ಟೆ ತೋರಿಸಿ, “ಇದರೊಳಗ ಐತಿ” ಅಂದೆ. ಸುಳ್ಳೇನಲ್ಲ. ಬುಜ್ಜಿ ಆಕಳ ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, “ಲೇದು” ಅಂದಳು. ಇಲ್ಲ ಅಂತ.

ಹುಡುಕಿಕೊಂಡು ಬಂದ ತಾಯಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಾನು ಆಕಳನ್ನು ಎತ್ತಿ ತೋರಿಸಿ “ಆವು” ಅಂದೆ, ನನ್ನ ಎದೆ ಮುಟ್ಟಿಕೊಂಡು “ಹಾವು, ಪಾಮು” ಅಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಗಳನ್ನು ಕರೆಯದೆ ಹೋದಳು.

ಬುಜ್ಜಿ ಕಡ್ಡಿ ತಂದು ನನ್ನ ಕೈಗಿಟ್ಟು, ಮಂಡಿಗೆ ಒರಗಿ ಕೂತಳು. ಉಲ್ಲನ್ ಇನ್ನೂ ಇತ್ತು. ಒಂದೇ ಮಧ್ಯಾಹ್ನದ ಕೆಲಸ. ದಿನಾ ಅವಳು ಮನೆಗೆ ಹೋದ ಮೇಲೆ ಅರ್ಧ ಬಿಚ್ಚಿಡುತ್ತಿದ್ದೆ. ಆ ಹಾವಿಗೆ ಹನ್ನೊಂದು ದಿನ ಹಿಡಿಯಿತು.